ಮತಗಟ್ಟೆಯ ಕಡಲೆಕಾಯಿ

ರಾತ್ರಿ ಬಹಳ ಹೊತ್ತಾಗಿತ್ತು. ಶಾಲೆಯ ಹಿಂಭಾಗದಿಂದ ‘ಚಿಟಕ್’ ಎಂದು ಒಂದು ಸಣ್ಣ ಸದ್ದು ಬಂತು. ಒಣಗಿದ ಕಡಲೆಕಾಯಿಯ ಸಿಪ್ಪೆ ಎರಡು ಬೆರಳ ನಡುವೆ ಬಿರಿದಂಥ ಸದ್ದು. ನಾನು ಚಾಪೆಯ ಮೇಲೆ ಎದ್ದು ಕೂತೆ. ಯಾರೋ ಏನನ್ನೋ ತೀರ್ಮಾನ ಮಾಡಿದ್ದರು.

ಪಕ್ಕದಲ್ಲಿ ಕಾನ್‌ಸ್ಟೇಬಲ್ ಜಬೀನಾ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ನಿದ್ದೆಯಲ್ಲಿರುವವರಿಂದ ಆ ಸದ್ದು ಬರುವುದಿಲ್ಲ. ವರಾಂಡದಿಂದ ಮತಗಟ್ಟೆ ಅಧಿಕಾರಿ ದೊರೆಸ್ವಾಮಿಯವರ ಗೊರಕೆ ಒಂದೇ ಸಮ ಕೇಳುತ್ತಿತ್ತು. ಶಾಯಿ ಹಾಕುವ ಗುಮಾಸ್ತ ಶಿವನಂಜನೂ ಅಲ್ಲೇ ಮುಸುಕೆಳೆದು ಮಲಗಿದ್ದ. ಉಳಿದವಳೆಂದರೆ ಶಾಲೆಯ ಅಡುಗೆಯ ಸಣ್ಣಮ್ಮ. ಬೆಳಗಿನ ತಿಂಡಿಗೆ ಉಪ್ಪಿಟ್ಟೋ ಚಿತ್ರಾನ್ನವೋ ಎಂಬುದನ್ನು ಮುಗಿಸಿದ್ದಾಳೆ ಎಂದುಕೊಂಡು ಮತ್ತೆ ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ. ಬೆಳಗಾದರೆ ಚುನಾವಣೆ, ಅಲ್ಲದೆ ಕಡಲೆಕಾಯಿಯ ಡ್ಯೂಟಿ ನನಗೆ ಬಿದ್ದಿತ್ತು.

ನಮ್ಮ ಊರಿನಲ್ಲಿ ಯಾರಾದರೂ ಮನಸ್ಸು ಗಟ್ಟಿ ಮಾಡಿಕೊಂಡರೆ ಅವರ ಎದೆಗೂಡಿನ ಕೆಳಗಿನಿಂದ ಆ ಸದ್ದು ಬರುತ್ತದೆ. ನೋಡೋಣ, ಮಾಡೋಣ ಎನ್ನುವುದಕ್ಕೆಲ್ಲ ಬರುವುದಿಲ್ಲ. ಬೇರೆ ಊರಿನಿಂದ ಬಂದವರಿಗೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಶುರುವಾಗುತ್ತದೆ. ನಾವು ಅದಕ್ಕೆ ಒಗ್ಗಿಕೊಂಡಿದ್ದೇವೆ. ತರಕಾರಿಯವಳು ಗಿರಾಕಿಯಿಂದ ‘ಚಿಟಕ್’ ಕೇಳಿದ ಮೇಲೆ ಒಂದು ಕಾಸೂ ಇಳಿಸುವುದಿಲ್ಲ. ಇನ್ನು ಬೀಡಿ ಮುಟ್ಟುವುದಿಲ್ಲ ಎಂದು ಗಂಡ ಆಣೆ ಮಾಡಿದರೆ ಹೆಂಡತಿ ಆಣೆಯನ್ನು ಕೇಳುವುದಿಲ್ಲ, ಅವನ ಎದೆಗೆ ಕಿವಿ ಕೊಡುತ್ತಾಳೆ. ಹೆಣ್ಣು ನೋಡಲು ಬಂದವರಿಗೆ ನಮ್ಮಲ್ಲಿ ಚಕ್ಕುಲಿ, ಕೋಡುಬಳೆ ಕೊಡುವ ರೂಢಿಯಿಲ್ಲ. ಮೆತ್ತನೆಯ ಕೇಸರಿಬಾತು ಮಾತ್ರ. ಹುಡುಗನ ಸದ್ದು ಚಕ್ಕುಲಿಯ ಸದ್ದಿನಲ್ಲಿ ಕಳೆದುಹೋಗಿ ಎರಡು ಮನೆಗಳಿಗೆ ಜಗಳವಾದದ್ದುಂಟು.

ಸದ್ದು ತೀರ್ಮಾನ ಆಯಿತು ಎಂದು ಹೇಳುತ್ತದೆಯೇ ಹೊರತು ಏನು ತೀರ್ಮಾನ ಎಂದು ಹೇಳುವುದಿಲ್ಲ. ಚುನಾವಣೆಯಲ್ಲಿ ಬರುವ ಕಷ್ಟವೇ ಅದು. ಮತದಾನದ ಹಿಂದಿನ ಸಂಜೆ ದೊಡ್ಡ ಮನೆಗಳಲ್ಲಿ ಯಜಮಾನರು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಯಾರಿಗೆ ಹಾಕಬೇಕೆಂದು ಹೇಳಿ, ಒಬ್ಬೊಬ್ಬರ ಸದ್ದನ್ನೂ ಕೇಳಿಸಿಕೊಂಡೇ ಊಟಕ್ಕೆ ಏಳುತ್ತಾರೆ. ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುವವರ ಮುಂದೆ ಬೇರೆಯದನ್ನು ತೀರ್ಮಾನ ಮಾಡುವ ಧೈರ್ಯ ಎಷ್ಟು ಜನಕ್ಕಿರುತ್ತದೆ? ಹೀಗೆ ಮನೆಯಲ್ಲೇ ಮುಗಿಸಿ ಬಂದವರಿಂದ ಮತಗಟ್ಟೆಯಲ್ಲಿ ಸದ್ದು ಬರಬಾರದು. ಬಂದರೆ ಮನಸ್ಸು ಬದಲಾಯಿಸಿದರು ಎಂದೇ ಅರ್ಥ.

ಅದಕ್ಕೇ ಕಡಲೆಕಾಯಿ. ಪ್ರತಿ ಮತಗಟ್ಟೆಗೂ ಕಚೇರಿಯಿಂದ ಸೀಲು ಮಾಡಿದ ಒಂದು ಚೀಲ ಬರುತ್ತದೆ. ಸಿಬ್ಬಂದಿಯಲ್ಲಿ ಒಬ್ಬರು ಬೆಳಗಿನಿಂದ ಸಂಜೆಯವರೆಗೆ ಮತ ಹಾಕುವ ಮರೆಯ ಪಕ್ಕದಲ್ಲಿ ಕೂತು ಒಂದೇ ಹದದಲ್ಲಿ ಸಿಪ್ಪೆ ಒಡೆಯುತ್ತಿರಬೇಕು. ಯಾರಿಗೂ ಜೋರಾಗಿ ಒಡೆಯುವಂತಿಲ್ಲ, ಯಾರಿಗೂ ನಿಧಾನ ಮಾಡುವಂತಿಲ್ಲ. ಒಂದು ಬೀಜವನ್ನೂ ಬಾಯಿಗೆ ಹಾಕುವಂತಿಲ್ಲ. ಎಣಿಕೆ ಮುಗಿದ ಮೇಲೆ ಬೀಜವೆಲ್ಲ ಶಾಲೆಯ ಮಕ್ಕಳಿಗೆ.

ಹಿಂದಿನ ಸಲ ಇದೇ ಮತಗಟ್ಟೆಯಲ್ಲಿ ಆ ಡ್ಯೂಟಿಯವರಿಗೆ ಮೇಲಿಂದ ಮೇಲೆ ಸೀನು ಬಂದು ಕೈ ನಿಂತಿತು. ಅಷ್ಟರಲ್ಲೇ ಒಳಗಿನಿಂದ ‘ಚಿಟಕ್’ ಎಂದಿತು. ಒಳಗಿದ್ದವಳು ಎರಡು ಲಾರಿಗಳ ಯಜಮಾನ ಪರಮೇಶಪ್ಪನವರ ಹಿರಿಯ ಸೊಸೆ. ಅವರೂ ಏಜೆಂಟರಾಗಿ ಅಲ್ಲೇ ಕೂತಿದ್ದರು. ಅವಳನ್ನು ಅದೇ ವಾರ ತೌರಿಗೆ ಕಳಿಸಿದರು. ಕರೆದುಕೊಂಡು ಬಂದದ್ದು ಮುಂದಿನ ವರ್ಷದ ಹಬ್ಬಕ್ಕೆ. ಅಷ್ಟರಲ್ಲಿ ಅವಳ ಮಗು ಅವಳ ಗುರುತು ಮರೆತಿತ್ತು.

ಈ ಸಲ ಪರಮೇಶಪ್ಪನವರ ಅಣ್ಣನೇ ಕೊಡೆ ಗುರುತಿನಲ್ಲಿ ನಿಂತಿದ್ದರು. ಎದುರಿಗೆ ಬಾಚಣಿಗೆ ಗುರುತಿನಲ್ಲಿ ಆಸ್ಪತ್ರೆಯ ಹಳೆಯ ದಾದಿ ಒಬ್ಬರು. ನಾವು ಚುನಾವಣೆಯ ಸಾಮಾನು ಹೊತ್ತು ಶಾಲೆಗೆ ಬಂದ ಸಂಜೆ, ಪರಮೇಶಪ್ಪನವರ ಕಿರಿಯ ಸೊಸೆ ನೀಲವೇಣಿ ನಲ್ಲಿಗೆ ಬಂದವಳು ಕೊಡ ಇಟ್ಟು ನನ್ನ ಹತ್ತಿರ ಬಂದಳು.

“ಮೇಡಂ, ನಾಳೆ ಕಡಲೆಕಾಯಿ ನೀವೇನಾ ಒಡೆಯೋದು?”

“ಹೌದು.”

“ನಡುವೆ ನಿಲ್ಲಿಸಲ್ಲ ತಾನೆ?”

“ಎಲ್ಲರಿಗೂ ಒಂದೇ ಥರ ಒಡೀತೀನಿ,” ಎಂದೆ. ಡ್ಯೂಟಿಯಲ್ಲಿರುವವರು ಅದಕ್ಕಿಂತ ಹೆಚ್ಚು ಹೇಳಬಾರದು.

“ಅಷ್ಟಾದರೆ ಸಾಕು,” ಎಂದು ಅವಳು ಕೊಡ ಎತ್ತಿಕೊಂಡಳು. ಕೊಡ ಇನ್ನೂ ತುಂಬಿರಲಿಲ್ಲ.

ಅವಳು ಯಾಕೆ ಕೇಳಿದಳೆಂದು ನಾನು ಯೋಚಿಸಲು ಹೋಗಲಿಲ್ಲ. ಯೋಚಿಸಿದ್ದು ಚೀಲದ ಬಗ್ಗೆ. ಕಡಲೆಕಾಯಿಗೆ ತೇವ ಹತ್ತಿದ್ದರೆ? ದೊರೆಸ್ವಾಮಿಯವರ ಎದುರಿನಲ್ಲೇ ಸೀಲು ಒಡೆದು, ಒಂದು ಮುಷ್ಟಿ ತೆಗೆದು ಒಡೆದು ನೋಡಿದೆ. ಚೆನ್ನಾಗಿ ಬಿರಿಯಿತು. ಆದರೂ ಸಮಾಧಾನವಾಗಲಿಲ್ಲ. ತರಗತಿಯ ಮೂಲೆಯಲ್ಲಿ ಗೋಡೆ ಬೆವರುತ್ತಿತ್ತು. ಅಡುಗೆಮನೆಯಲ್ಲಾದರೆ ಬೆಚ್ಚಗಿರುತ್ತದೆ ಎಂದು ಚೀಲವನ್ನು ಎಳೆದುಕೊಂಡು ಹೋಗಿ ಒಲೆಯ ಪಕ್ಕ ಇಟ್ಟೆ. ನನ್ನ ಅಕ್ಕ ಯಾವಾಗಲೂ ಹೇಳುತ್ತಾಳೆ, ನೀನು ಕಾಪಾಡಲು ಹೋದದ್ದೇ ಕೆಡುವುದು ಎಂದು.

ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಅಂಗಳದ ತುಂಬ ಹಿತವಾದ ವಾಸನೆ. ಸಣ್ಣಮ್ಮ ದೊಡ್ಡ ಡಬರಿಯ ಮುಚ್ಚಳ ತೆಗೆದು, ನಗುತ್ತಾ, “ಬನ್ನಿ ಮೇಡಂ, ಬಿಸಿಯಾಗಿದೆ, ಉಪ್ಪು ನೋಡಿ,” ಎಂದಳು.

ಡಬರಿಯೊಳಗೆ ಇಡೀ ಮತಗಟ್ಟೆಯ ಕಡಲೆಕಾಯಿ ಬೆಂದು ಮಲಗಿತ್ತು.

ಒಂದನ್ನು ಎತ್ತಿ ಒತ್ತಿದೆ. ‘ಪಿಚ್’ ಎಂದು ನೀರು ಬಂತು.

“ಇದನ್ನು ಯಾಕೆ ಬೇಯಿಸಿದೆ ಸಣ್ಣಮ್ಮ?”

“ಒಲೆ ಪಕ್ಕ ನೀವೇ ತಂದಿಟ್ರಲ್ಲ. ಬೇಯಿಸು ಅಂತ ಬಾಯಿ ಬಿಟ್ಟು ಹೇಳೋಕೆ ಸಂಕೋಚ ಪಟ್ಟುಕೊಂಡ್ರೇನೋ ಅಂತ. ಸಂಜೆ ಉಪವಾಸ ಬಂದಿದ್ರಿ ಎಲ್ಲರೂ. ರಾತ್ರಿಯೆಲ್ಲ ಯೋಚನೆ ಮಾಡಿ, ಬೇಯಿಸೇಬಿಡೋಣ ಅಂತ ಎದ್ದೆ.”

ಸಣ್ಣಮ್ಮ ನಮ್ಮೂರಿಗೆ ಬಂದು ಎರಡು ವರ್ಷವಾಗಿರಲಿಲ್ಲ. ಇಲ್ಲಿನ ಚುನಾವಣೆ ನೋಡಿದವಳಲ್ಲ. ವಿಷಯ ತಿಳಿದ ಮೇಲೆ ಸೌಟು ಹಿಡಿದುಕೊಂಡೇ ಅಳಲು ಶುರು ಮಾಡಿದಳು. ದೊರೆಸ್ವಾಮಿಯವರು ಹಲ್ಲುಜ್ಜುತ್ತಾ ಬಂದು, ಡಬರಿಯನ್ನು ನೋಡಿ, ಬಾಯಿ ಮುಕ್ಕಳಿಸಿ, “ಬೆಂದಿರೋದು ಕಡಲೆಕಾಯಿ ತಾನೆ, ಮತಪತ್ರ ಅಲ್ಲವಲ್ಲ. ಅಳಬೇಡಮ್ಮ,” ಎಂದರು. ಅವರು ರೇಷ್ಮೆ ಇಲಾಖೆಯವರು. ಹುಳು ಸಾಕುವವರಿಗೆ ಬೇಕಾದ ತಾಳ್ಮೆ ಅವರಿಗೆ ಮನುಷ್ಯರ ಮೇಲೂ ಇತ್ತು. ಕಚೇರಿಗೆ ಫೋನು ಮಾಡಿದರು. ಬೇರೆ ಚೀಲ ಜೀಪಿನಲ್ಲಿ ಬರುತ್ತದೆ, ಆದರೆ ಮಧ್ಯಾಹ್ನದ ಒಳಗೆ ಸಾಧ್ಯವಿಲ್ಲ ಎಂದು ಉತ್ತರ ಬಂತು.

ಅಷ್ಟರಲ್ಲಿ ಗೇಟಿನ ಹೊರಗೆ ಸಾಲು ನಿಂತಿತ್ತು. ಏಜೆಂಟರು ಇಬ್ಬರೂ ಬಂದರು. ಕೊಡೆಯ ಕಡೆಯಿಂದ ಪರಮೇಶಪ್ಪನವರು, ಬಾಚಣಿಗೆಯ ಕಡೆಯಿಂದ ಸೈಕಲ್ ಅಂಗಡಿಯ ಲೋಕಯ್ಯ. ದೊರೆಸ್ವಾಮಿಯವರು ಮುಚ್ಚುಮರೆ ಮಾಡದೆ ಇಬ್ಬರಿಗೂ ಡಬರಿಯನ್ನು ತೋರಿಸಿದರು.

“ಅದಕ್ಕೇನಂತೆ, ಶುರು ಮಾಡಿ,” ಎಂದರು ಪರಮೇಶಪ್ಪನವರು. “ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಬಂದವರಿಗೆ ಕಡಲೆಕಾಯಿ ಯಾಕೆ?”

“ನಿಮ್ಮ ಮನೆಯಲ್ಲಿ ತೀರ್ಮಾನ ಮಾಡೋರು ಒಬ್ಬರೇ, ಸದ್ದು ಮಾತ್ರ ಏಳು ಜನರದು,” ಎಂದ ಲೋಕಯ್ಯ. “ನಮ್ಮ ಭಾವನ ಅಂಗಡಿಯಲ್ಲಿ ಒಳ್ಳೆ ಒಣ ಕಡಲೆಕಾಯಿ ಇದೆ ಸಾರ್. ಐದೇ ನಿಮಿಷ, ತಂದುಬಿಡ್ತೀನಿ.”

“ಬಾಚಣಿಗೆಯವರ ಕಡಲೆಕಾಯಿಗೆ ನಮ್ಮ ಒಪ್ಪಿಗೆ ಇಲ್ಲ.”

“ಕಡಲೆಕಾಯಿಗೂ ಪಕ್ಷ ಕಟ್ಟಿದ್ರಾ ಯಜಮಾನರೇ?”

ದೊರೆಸ್ವಾಮಿಯವರು ಕೈ ಎತ್ತಿದರು. “ಅಂಗಡಿಯದೂ ಬೇಡ, ಸುಮ್ಮನೆ ಶುರು ಮಾಡೋದೂ ಬೇಡ. ಏಳು ಗಂಟೆಗೆ ಬಾಗಿಲು ತೆಗೀಲೇಬೇಕು. ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿ ಜೀಪಿಗೆ ಕಾಯೋಕಾಗಲ್ಲ. ಒಳಗೆ ಹೋದವರನ್ನ ಸದ್ದಿಲ್ಲದೆ ಬಿಡೋಕೂ ಆಗಲ್ಲ.” ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದರು, “ಕಡಲೆಕಾಯಿ ಯಾವುದರ ಥರ ಕೇಳಿಸುತ್ತೆ ಅಂತ ಇಟ್ಟಿದಾರೆ? ಆ ಸದ್ದು ನಮ್ಮ ಹತ್ತಿರಾನೇ ಇದೆಯಲ್ಲ. ನಾವೇ ತೀರ್ಮಾನ ಮಾಡ್ತಾ ಕೂರೋಣ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವರು ಕಣ್ಣು ಮುಚ್ಚಿದರು. ‘ಚಿಟಕ್.’ ಕಣ್ಣು ಬಿಟ್ಟು, “ಈ ಮೀಸೆಗೆ ಬಣ್ಣ ಹಚ್ಚೋದು ಇವತ್ತಿಗೆ ಸಾಕು,” ಎಂದರು.

ಹೀಗೆ ನಮ್ಮ ಮತದಾನ ಸರಿಯಾಗಿ ಏಳಕ್ಕೆ ಶುರುವಾಯಿತು. ಆ ಕೋಣೆ ಕಲ್ಲಿನದು, ಸದ್ದು ಎಲ್ಲಿಂದ ಬಂತೆಂದು ಹೇಳಲು ಆಗುವುದಿಲ್ಲ. ಎಷ್ಟು ಎಂದು ಎಣಿಸಬಾರದು, ಯಾರದು ಎಂದು ಕೇಳಬಾರದು, ಆದರೆ ಮರೆಯ ಹಿಂದೆ ಒಬ್ಬರಿದ್ದರೂ ಕೋಣೆ ಸದ್ದಿಲ್ಲದೆ ಇರಬಾರದು ಎಂದು ದೊರೆಸ್ವಾಮಿಯವರು ಹೇಳಿದರು. ಮೊದಮೊದಲು ಸಲೀಸಾಗಿತ್ತು. ಮೊದಲ ಗಂಟೆಯಲ್ಲಿ ಕೋಣೆ ಹುರಿಯುವ ಬಾಣಲೆಯ ಹಾಗೆ ಚಿಟಪಟ ಎನ್ನುತ್ತಿತ್ತು. ಶಿವನಂಜ ಬೆರಳುಗಳಿಗೆ ಶಾಯಿ ಹಾಕುತ್ತಾ ಹಾಕುತ್ತಾ ಚಪ್ಪಲಿ ಹೊಲಿಸುವುದು, ಕೊಟ್ಟಿಗೆಯ ಹೆಂಚು ಕೈಯಾಡಿಸುವುದು, ಸೋದರಮಾವನ ಮಗಳ ಫೋಟೊ ವಾಪಸು ಕಳಿಸುವುದು, ಎಲ್ಲ ಮುಗಿಸಿದ. ಬಾಗಿಲಲ್ಲಿ ನಿಂತ ಜಬೀನಾಳಿಂದ ಒಂದು ಗಟ್ಟಿ ಸದ್ದು ಬಂದು, ಅವಳೇ ನಾಚಿಕೊಂಡು ಟೋಪಿ ಸರಿಮಾಡಿಕೊಂಡಳು. ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಗೆ ಕೂರುವುದೆಂದು ಆಮೇಲೆ ಹೇಳಿದಳು. ಬೇಕಾದರೆ ಏಜೆಂಟರೂ ಸೇರಬಹುದು ಎಂದಾಗ ಪರಮೇಶಪ್ಪನವರು, “ನಂದೆಲ್ಲ ತೀರ್ಮಾನ ಆಗಿ ಮೂವತ್ತು ವರ್ಷ ಆಯ್ತು,” ಎಂದು ಕಾಲ ಮೇಲೆ ಕಾಲು ಹಾಕಿ ಕೂತರು. ಲೋಕಯ್ಯ ಉತ್ಸಾಹದಿಂದ ಅಂಗಡಿಗೆ ಹಸಿರು ಬಣ್ಣ ಹೊಡೆಸುವುದೆಂದೂ, ಭಾವನ ಜೊತೆ ಮಾತು ಬಿಡುವುದೆಂದೂ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮಾತಾಡುವುದೆಂದೂ ತೀರ್ಮಾನ ಮಾಡಿದ.

ನನ್ನಿಂದ ಮಾತ್ರ ಒಂದೂ ಬರಲಿಲ್ಲ. ಇದು ಗೊತ್ತಿದ್ದದ್ದೇ. ಯಾವ ವಿಷಯ ಎತ್ತಿಕೊಂಡರೂ ಅದರ ಇನ್ನೊಂದು ಮಗ್ಗುಲು ನನಗೆ ಮೊದಲು ಕಾಣುತ್ತದೆ. ನನ್ನ ಸೀರೆ ಆರಿಸುವುದು ಅಕ್ಕ. ವರ್ಗಾವಣೆಗೆ ಅರ್ಜಿ ಹಾಕಬೇಕೋ ಬೇಡವೋ ಎಂದು ನೋಡುತ್ತಾ ಒಂದೇ ಶಾಲೆಯ ಟೀಚರಾಗಿ ನನ್ನ ಕೂದಲು ನರೆಯುತ್ತಿದೆ. ನನಗಿರುವುದು ಕಿವಿ. ಮೂರು ಮನೆಯಾಚೆ ಯಾರು ಮನಸ್ಸು ಮಾಡಿದರೂ ನನಗೆ ಕೇಳುತ್ತದೆ, ಊರಿಗೆಲ್ಲ ಅದು ಗೊತ್ತು. ಕೇಳಿದ್ದನ್ನು ರಾತ್ರಿ ಅಕ್ಕನಿಗೆ ಹೇಳಿಬಿಟ್ಟರೇ ನನಗೆ ನಿದ್ದೆ. ಹೇಳದೆ ಉಳಿಸಿಕೊಂಡದ್ದು ಈವರೆಗೆ ಒಂದೂ ಇರಲಿಲ್ಲ. ಆ ಬೆಳಿಗ್ಗೆ ನಾನು ಸಾರೋ ಹುಳಿಯೋ ಎಂಬಲ್ಲಿಂದ ಶುರು ಮಾಡಿ ಬೆವರಿದ್ದಷ್ಟೇ ಬಂತು. ನನ್ನ ಪಾಲನ್ನೂ ಉಳಿದವರು ಹೊತ್ತರು.

ಸದ್ದು ಮಾಡಲು ಬಾರದವಳು ಬೇರೆ ಕೆಲಸವನ್ನಾದರೂ ಮಾಡೋಣವೆಂದು ಸಾಲಿನ ಕಡೆ ನೋಡಿಕೊಂಡೆ. ಕೈಗೂಸಿನ ತಾಯಿಗೆ ಒಳಗಿನಿಂದ ಬೆಂಚು ತರಿಸಿದೆ. ಚೀಟಿಯಲ್ಲಿ ತಂದೆಯ ಹೆಸರು ತಪ್ಪಾಗಿದೆಯೆಂದು ವಾಪಸು ಹೊರಟಿದ್ದ ಗಾರೆ ಕೆಲಸದವನನ್ನು ದೊರೆಸ್ವಾಮಿಯವರು ಕರೆದು ಕೂರಿಸಿ, ಪಟ್ಟಿಯಲ್ಲಿನ ಫೋಟೊ ಹೊಂದಿಸಿ, “ತಪ್ಪು ಬರೆದೋರು ನಮ್ಮೋರು, ನೀನ್ಯಾಕಪ್ಪ ಮನೆಗೆ ಹೋಗ್ತೀಯ,” ಎಂದು ಮತಪತ್ರ ಕೊಟ್ಟರು. ಕೊಡೆಯ ಅಭ್ಯರ್ಥಿಯ ತಾಯಿ ಕಾರಿನಲ್ಲಿ ಬಂದಾಗ, “ಅಮ್ಮ, ನಿಮಗೂ ಕುರ್ಚಿ ಹಾಕಿಸ್ತೀನಿ, ವಯಸ್ಸಾದವರಿಗೆಲ್ಲ ಹಾಕಿಸಿರೋ ಕಡೆನೇ,” ಎಂದು ದಾದಿಯ ಅತ್ತೆಯ ಪಕ್ಕದಲ್ಲಿ ಕೂರಿಸಿದರು. ಆ ಇಬ್ಬರೂ ಚಿಕ್ಕಂದಿನ ಗೆಳತಿಯರಂತೆ. ತಮ್ಮ ಸರದಿ ಬಂದರೂ ಏಳದೆ ಮಂಡಿನೋವಿನ ಎಣ್ಣೆಯ ವಿಷಯ ಮಾತಾಡುತ್ತಿದ್ದರು.

ಹತ್ತೂವರೆಯ ಸುಮಾರಿಗೆ ಬೆಟ್ಟಯ್ಯ ತಾತ ಬಂದರು. ತಾತ ಯಾವತ್ತೂ ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಬರುವವರಲ್ಲ. ಮತಪತ್ರ ಹಿಡಿದು ಮರೆಯ ಹಿಂದೆ ಹೋದವರು ಹೊರಗೆ ಬರಲೇ ಇಲ್ಲ.

“ಬೇಗ ಮುಗಿಸಿ ಅಂತ ಹೇಳ್ರೀ,” ಎಂದರು ಪರಮೇಶಪ್ಪನವರು.

“ಹೇಳೋ ಹಾಗಿಲ್ಲ,” ಎಂದು ದೊರೆಸ್ವಾಮಿಯವರು ಮರೆಯ ಕಡೆ ಮುಖ ಮಾಡಿ, “ತಾತ, ಏನಾದ್ರೂ ತೊಂದರೆನಾ?” ಎಂದು ಕೇಳಿದರು.

“ಏನಿಲ್ಲಪ್ಪ. ಇನ್ನೂ ಬಂದಿಲ್ಲ.”

“ನಿಧಾನವಾಗೇ ಬರಲಿ. ಕುರ್ಚಿ ಬೇಕಾ?”

“ಕೂತರೆ ನಿದ್ದೆ ಬರುತ್ತೆ.”

ತಾತ ಅಲ್ಲಿ ನಿಂತಷ್ಟು ಹೊತ್ತೂ ನಾವು ಸದ್ದು ನಿಲ್ಲಿಸುವಂತಿರಲಿಲ್ಲ. ಸಣ್ಣ ತೀರ್ಮಾನಗಳು ಮುಗಿದವು. ನಡುಗಾತ್ರದವು ಮುಗಿದವು. ಲೋಕಯ್ಯ ಎಮ್ಮೆ ಮಾರಿದ. ಶಿವನಂಜ ಸೋದರಮಾವನ ಮಗಳ ಫೋಟೊ ವಾಪಸು ಕಳಿಸುವುದು ಬೇಡವೆಂದು ತೀರ್ಮಾನಿಸಿದಾಗ ಬಂದ ಸದ್ದು ಮೃದುವಾಗಿತ್ತು, ಅವನ ಕಿವಿ ಕೆಂಪಾದವು. ದೊರೆಸ್ವಾಮಿಯವರು ಹಳ್ಳಿಯ ಜಮೀನನ್ನು ತಂಗಿಗೇ ಬಿಟ್ಟುಕೊಟ್ಟರೆಂದು ಕಾಣುತ್ತದೆ. ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಮರೆಯ ಹಿಂದಿನಿಂದ ತಾತನ ದನಿ ಬಂತು. “ಬಂತು ಕಣಪ್ಪ, ನಂದು ಬಂತು.”

“ಹೇಳಬೇಡಿ ತಾತ, ಮುದ್ರೆ ಒತ್ತಿ,” ಎಂದರು ದೊರೆಸ್ವಾಮಿಯವರು.

ತಾತ ಹೊರಗೆ ಬರುವಷ್ಟರಲ್ಲಿ ನಾವೆಲ್ಲ ಹಿಂಡಿದ ಬಟ್ಟೆಯ ಹಾಗೆ ಆಗಿದ್ದೆವು. ಜಬೀನಾ ಬಾಗಿಲಿಗೆ ಒರಗಿ, “ಸಾರ್, ನನ್ನ ಹತ್ತಿರ ಇನ್ನು ಏನೂ ಉಳಿದಿಲ್ಲ,” ಎಂದಳು. ಶಿವನಂಜ ತಲೆ ಅಲ್ಲಾಡಿಸಿದ. ಲೋಕಯ್ಯ ತನಗೆ ಉಳಿದದ್ದು ಹೆಂಡತಿಯನ್ನು ಕೇಳದೆ ಮಾಡಲಾಗದ್ದು ಎಂದ. ಆಗ ಸಾಲಿನಲ್ಲಿ ಮುಂದಿನವಳು ಒಳಗೆ ಬಂದಳು. ನೀಲವೇಣಿ.

ದೊರೆಸ್ವಾಮಿಯವರು ಹೆಸರು ಓದಿದರು. ಶಿವನಂಜ ಬೆರಳಿಗೆ ಶಾಯಿ ಹಾಕಿದ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನನ್ನ ಮುಂದೆ ಕಡಲೆಕಾಯಿಯ ಮೊರ ಬರಿದಾಗಿತ್ತು. ಅವಳ ಕಣ್ಣು ಆ ಮೊರದ ಮೇಲೆ ನಿಂತಿತು. ಆದರೂ ಅವಳು ಹಿಂದೆ ಸರಿಯಲಿಲ್ಲ. ಮತಪತ್ರ ತೆಗೆದುಕೊಂಡಳು. ಪರಮೇಶಪ್ಪನವರು ಕಾಲ ಮೇಲಿನ ಕಾಲು ಇಳಿಸಿ, ಕುರ್ಚಿಯ ತುದಿಗೆ ಬಂದು, ತಲೆಯನ್ನು ಒಂದು ಕಡೆಗೆ ವಾಲಿಸಿದರು.

“ಒಂದು ನಿಮಿಷ ಅಮ್ಮ. ನೀರು ಬೇಕಾ?” ಎಂದರು ದೊರೆಸ್ವಾಮಿಯವರು.

“ಯಾರಿಗೂ ಕೊಡದ ನೀರು ಅವಳಿಗ್ಯಾಕ್ರೀ?” ಎಂದರು ಪರಮೇಶಪ್ಪನವರು. ಅವರ ಮಾತು ನ್ಯಾಯವಾಗಿಯೇ ಇತ್ತು. ನೀಲವೇಣಿ ಮರೆಯ ಹಿಂದೆ ಹೋದಳು.

ಆ ಕೋಣೆಯಲ್ಲಿ ಅಂಥ ಮೌನ ಬೆಳಗಿನಿಂದ ಇರಲಿಲ್ಲ. ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು, ಅದೂ ನಿಂತಿತು. ಮರೆಯ ಹಿಂದೆ ಕಾಗದ ಬಿಚ್ಚಿದ ಸದ್ದು ಕೇಳಿತು. ಅವಳ ಉಸಿರು ಕೇಳಿತು. ಮನಸ್ಸು ಮಾಡುವವರು ಅದಕ್ಕೆ ಮುಂಚೆ ಒಮ್ಮೆ ಉಸಿರು ಹಿಡಿಯುತ್ತಾರೆ. ಅದು ನನ್ನ ಕಿವಿಗೆ ಗೊತ್ತು. ಅವಳು ಹಿಡಿದಳೋ ಇಲ್ಲವೋ ಎಂದು ನಾನು ಕೇಳಲು ಹೋಗಬಾರದಾಗಿತ್ತು. ಆದರೆ ಕಿವಿಗೆ ರೆಪ್ಪೆಯಿಲ್ಲ.

ನಾನು ನನ್ನೊಳಗೆ ಹುಡುಕಿದೆ. ವರ್ಗಾವಣೆ? ಆಗಲಿಲ್ಲ. ಅಟ್ಟದ ಮೇಲಿನ ಹಳೆ ತೊಟ್ಟಿಲನ್ನು ಯಾರಿಗಾದರೂ ಕೊಡುವುದು? ಆಗಲಿಲ್ಲ, ಅಕ್ಕನನ್ನು ಕೇಳಬೇಕು. ಎಲ್ಲದಕ್ಕೂ ಅಕ್ಕನನ್ನು ಕೇಳಬೇಕು. ಅಲ್ಲಿಗೆ ಬಂದು ನಿಂತಾಗ, ಅಕ್ಕನನ್ನು ಕೇಳದೆ, ಕೇಳಲಾಗದೆ ಮಾಡಬೇಕಾದ ತೀರ್ಮಾನವೊಂದು ನನ್ನ ಎದುರಿಗೇ ಕೂತಿರುವುದು ಕಾಣಿಸಿತು. ಇನ್ನೊಂದು ಮಗ್ಗುಲನ್ನು ತಿರುವಿ ನೋಡಿದೆ. ಅದಕ್ಕೆ ಇನ್ನೊಂದು ಮಗ್ಗುಲು ಇರಲಿಲ್ಲ.

‘ಚಿಟಕ್’ ಎಂದರೆ ಸುಳ್ಳಾಗುತ್ತದೆ. ದೇವರ ಮುಂದೆ ತೆಂಗಿನಕಾಯಿ ಒಡೆದ ಹಾಗೆ ಸದ್ದು ಬಂತು. ಕಿಟಕಿಯ ಮೇಲಿದ್ದ ಗುಬ್ಬಿ ಹಾರಿಹೋಯಿತು. ಜಬೀನಾ ಲಾಠಿಗೆ ಕೈ ಹಾಕಿದಳು. ನನ್ನ ಕೈ ತಾನಾಗಿ ಎದೆಯ ಮೇಲೆ ಹೋಗಿತ್ತು.

ಪರಮೇಶಪ್ಪನವರು ಎದ್ದು ನಿಂತರು. “ಯಾರದು ಅದು?”

“ಯಾರದು ಅಂತ ಕೇಳೋ ಹಾಗಿಲ್ಲ, ಕೂತ್ಕೊಳ್ಳಿ,” ಎಂದರು ದೊರೆಸ್ವಾಮಿಯವರು.

“ಮೇಡಂದು ಕಣ್ರೀ ಯಜಮಾನರೇ,” ಎಂದ ಲೋಕಯ್ಯ. “ನಾನು ಅವರ ಮುಖಾನೇ ನೋಡ್ತಿದ್ದೆ. ಬೆಳಗಿಂದ ಕೂಡಿಟ್ಟಿದ್ದು ಒಂದೇ ಸಲಕ್ಕೆ ಬಂತು.”

“ಅದು ಸರಿ. ಅದರ ಜೊತೆಗೇ ಇನ್ನೊಂದು ಸಣ್ಣದು ಬಂದ ಹಾಗಿತ್ತು.”

“ಕಲ್ಲಿನ ಕೋಣೆ ಸ್ವಾಮಿ. ಒಂದಕ್ಕೆ ಎರಡು ಕೇಳುತ್ತೆ.”

ನೀಲವೇಣಿ ಅಷ್ಟರಲ್ಲಿ ಹೊರಗೆ ಬಂದು, ಮಡಿಸಿದ ಕಾಗದವನ್ನು ಪೆಟ್ಟಿಗೆಗೆ ಹಾಕಿ, ಮಾವನ ಎದುರಿನಲ್ಲಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಬಂದ ಹಾಗೆಯೇ ಹೋದಳು. ನನ್ನ ಕಡೆ ನೋಡಲಿಲ್ಲ. ಪರಮೇಶಪ್ಪನವರು ನನ್ನ ಮೇಜಿನ ಹತ್ತಿರ ಬಂದರು. ಈಗ ಅವರ ದನಿಯಲ್ಲಿ ಜೋರಿರಲಿಲ್ಲ.

“ಮೇಡಂ, ನಿಮ್ಮ ಕಿವಿ ಎಂಥದು ಅಂತ ಊರಿಗೇ ಗೊತ್ತು. ನೀವು ಸುಳ್ಳು ಹೇಳೋರಲ್ಲ, ಅದೂ ಗೊತ್ತು. ನೀವು ಹೇಳಿದ್ದನ್ನ ನಾನು ಒಪ್ತೀನಿ. ಬಂದಿದ್ದು ಒಂದಾ, ಎರಡಾ?”

ಎಲ್ಲರೂ ನನ್ನನ್ನು ನೋಡಿದರು. ನಾನು ಬರಿದಾದ ಮೊರವನ್ನು ಅವರ ಮುಂದಕ್ಕೆ ಸರಿಸಿದೆ.

“ನಾನು ಇಲ್ಲಿ ಕಡಲೆಕಾಯಿ ಒಡೆಯೋಕೆ ಬಂದಿರೋದು ಯಜಮಾನರೇ,” ಎಂದೆ. “ಎಣಿಸೋಕೆ ಅಲ್ಲ.”

ಲೋಕಯ್ಯ ಜೋರಾಗಿ ನಕ್ಕ. ದೊರೆಸ್ವಾಮಿಯವರು ಪಟ್ಟಿಯ ಮೇಲೆ ಬಗ್ಗಿ ಮುಂದಿನ ಹೆಸರು ಕೂಗಿದರು. ಪರಮೇಶಪ್ಪನವರು ಇನ್ನೂ ಏನೋ ಕೇಳಬೇಕೆಂದು ಬಾಯಿ ತೆರೆದರು. ನನ್ನ ಮುಖದಲ್ಲಿ ಏನು ಕಂಡಿತೋ, ಹೋಗಿ ಕೂತರು. ಒಮ್ಮೆ ತೀರ್ಮಾನ ಮಾಡಿದವಳು ಎರಡನೆಯದಕ್ಕೂ ತಯಾರಿದ್ದಾಳೇನೋ ಎಂದು ಹೆದರಿದ ಹಾಗೆ.

ಅದಾದ ಮೇಲೆ ಎರಡು ಮೂರು ಜನರಿಗಷ್ಟೇ ನಾವು ಪರದಾಡಬೇಕಾಯಿತು. ಆಶ್ಚರ್ಯವೆಂದರೆ ಅವರಿಗೆ ಸದ್ದು ಒದಗಿಸಿದವಳು ನಾನೇ. ಒಮ್ಮೆ ದಾರಿ ಬಿಟ್ಟ ಮೇಲೆ ತೊಟ್ಟಿಲು, ಸಾರು, ಮಳೆಗಾಲದ ಚಪ್ಪಲಿ ಎಲ್ಲ ಒಂದರ ಹಿಂದೊಂದು ಬಂದವು. ಹನ್ನೊಂದೂವರೆಗೇ ಜೀಪು ಬಂತು. ಹೊಸ ಚೀಲದ ಸೀಲನ್ನು ಏಜೆಂಟರಿಬ್ಬರೂ ನೋಡಿದ ಮೇಲೆ ಒಡೆದು, ನಾನು ಮೊರ ತುಂಬಿಕೊಂಡು ಕೂತೆ. ಸಂಜೆಯವರೆಗೆ ಒಂದೇ ಹದದಲ್ಲಿ ಒಡೆದೆ. ಹೆಬ್ಬೆರಳು ಬಾತುಕೊಂಡಿತು. ಕೊನೆಯ ನಿಮಿಷಕ್ಕೆ ಗೇಟಿನೊಳಗೆ ಓಡಿ ಬಂದ ಬಸ್ ಕಂಡಕ್ಟರನಿಗೂ ಬೆಳಿಗ್ಗೆ ಮೊದಲು ಬಂದವರಿಗೆ ಇದ್ದಷ್ಟೇ ಸದ್ದು, ಅಷ್ಟೇ ಹೊತ್ತು.

ಬೆಂದ ಕಡಲೆಕಾಯಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ಉಳಿದಿತ್ತು. ಮತದಾರರಿಗೆ ಕೊಟ್ಟರೆ ಆಮಿಷ, ಸಿಬ್ಬಂದಿ ತಿಂದರೆ ದುರುಪಯೋಗ, ಮಕ್ಕಳಿಗೆಂದು ಇಟ್ಟರೆ ಎಣಿಕೆಯ ಹೊತ್ತಿಗೆ ಹಳಸುತ್ತದೆ. ಪೆಟ್ಟಿಗೆಗೆ ಸೀಲು ಹಾಕಿ, ಕಾಗದಕ್ಕೆ ಏಜೆಂಟರ ಸಹಿ ತೆಗೆದುಕೊಂಡ ಮೇಲೆ ದೊರೆಸ್ವಾಮಿಯವರು, “ಈಗ ಇಲ್ಲಿ ಮತದಾರರು ಯಾರೂ ಇಲ್ಲ. ಹಳಸೋದನ್ನ ನೋಡಿಕೊಂಡು ಕೂರೋದೂ ದುರುಪಯೋಗಾನೇ,” ಎಂದು ಎಲ್ಲರಿಗೂ ಒಂದೊಂದು ಬೊಗಸೆ ಹಂಚಿಸಿದರು. ಎರಡು ಪಕ್ಷದವರಿಗೂ ಒಂದೇ ಬೊಗಸೆ, ಸಣ್ಣಮ್ಮನ ಕೈ ಬೊಗಸೆ. ಪರಮೇಶಪ್ಪನವರು ಒಂದನ್ನು ಬಾಯಿಗೆ ಹಾಕಿ, “ಉಪ್ಪು ಹದವಾಗಿದೆ,” ಎಂದರು. ಸಣ್ಣಮ್ಮ ಆ ದಿನ ಮೊದಲ ಸಲ ಸರಿಯಾಗಿ ತಲೆ ಎತ್ತಿದಳು.

ಮನೆಗೆ ನಡೆದು ಬರುವಾಗ ಪರಮೇಶಪ್ಪನವರ ಮನೆಯ ಮುಂದೆ ನೀಲವೇಣಿ ತನ್ನ ಓರಗಿತ್ತಿಯ ಜೊತೆ ಒಣಹಾಕಿದ ಸಂಡಿಗೆಯನ್ನು ಎತ್ತುತ್ತಿದ್ದಳು. ಓರಗಿತ್ತಿಯ ಮಗು ಒಂದು ಸಂಡಿಗೆ ಕದ್ದು ಅವಳ ಸೆರಗಿನ ಹಿಂದೆ ಅಡಗಿತ್ತು. “ಕಾಫಿ ಆಯ್ತಾ ಮೇಡಂ?” ಎಂದಳು ನೀಲವೇಣಿ. “ಇನ್ನು ಮನೆಗೆ ಹೋಗಿ ಕುಡೀಬೇಕು,” ಎಂದೆ. ಅಷ್ಟೇ ಮಾತು.

ಅಕ್ಕ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು, ನೀರು ಕಾಯಿಸಿ, ಊಟಕ್ಕೆ ಹಾಕಿ, ನನ್ನ ಎದುರಿಗೆ ಕೂತಳು. “ಹ್ಞೂಂ, ಶುರು ಮಾಡು,” ಎಂದಳು. ನಾನು ಶುರು ಮಾಡಿದೆ. ಡಬರಿಯ ವಿಷಯ, ದೊರೆಸ್ವಾಮಿಯವರ ಮೀಸೆಯ ವಿಷಯ, ಲೋಕಯ್ಯ ಎಮ್ಮೆ ಮಾರಿದ್ದು, ಬೆಟ್ಟಯ್ಯ ತಾತ ‘ಬಂತು ಕಣಪ್ಪ’ ಎಂದದ್ದು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ತೊಟ್ಟಿಲನ್ನು ಕೊಟ್ಟುಬಿಡುವುದೆಂದು ತೀರ್ಮಾನಿಸಿದೆ ಎಂದಾಗ ಮಾತ್ರ ನನ್ನನ್ನು ಒಂದು ಥರ ನೋಡಿದಳು.

“ಅದಿರಲಿ,” ಎಂದಳು. “ನಲ್ಲಿ ಹತ್ತಿರ ಎಲ್ಲರೂ ಹೇಳ್ತಿದ್ರು. ಪರಮೇಶಪ್ಪನ ಸೊಸೆ ಒಳಗಿದ್ದಾಗ ನಿನ್ನಿಂದ ತೆಂಗಿನಕಾಯಿ ಒಡೆದ ಹಾಗೆ ಬಂತಂತೆ. ಮದುವೆಗೆ ಮನಸ್ಸು ಮಾಡಿರಬೇಕು ಅಂತ ಒಬ್ಬಳು, ವರ್ಗ ತಗೊಂಡು ಹೋಗ್ತಾಳೆ ಅಂತ ಒಬ್ಬಳು. ಅವಳಿಂದಲೂ ಒಂದು ಬಂತು, ನೀನು ಮುಚ್ಚಿದೆ ಅಂತ ಇನ್ನೊಬ್ಬಳು. ಏನು ತೀರ್ಮಾನ ಮಾಡಿದೆ ಕಾತ್ಯಾಯಿನಿ? ಒಳಗಿಂದ ಏನಾದ್ರೂ ಕೇಳಿಸ್ತಾ?”

ನಾನು ತಟ್ಟೆಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡೆ. ಆ ಮರೆಯ ಹಿಂದಿನಿಂದ ಏನೇ ಕೇಳಿಸಲಿ, ಏನೂ ಕೇಳಿಸದೆ ಇರಲಿ, ಯಾರಿಗೂ ಹೇಳುವುದಿಲ್ಲ, ಅಕ್ಕನಿಗೂ ಹೇಳುವುದಿಲ್ಲ ಎಂದು ನಾನು ತೀರ್ಮಾನ ಮಾಡಿದ್ದೆ. ಇದನ್ನು ಓದುತ್ತಿರುವ ನಿಮಗೂ ಹೇಳುವುದಿಲ್ಲ.

“ಸಂಡಿಗೆ ಇದ್ದರೆ ಕೊಡು,” ಎಂದೆ.

ಅಕ್ಕ ಏಳಲಿಲ್ಲ. ನನ್ನ ಕಡೆ ಕಿವಿ ಕೊಟ್ಟು ಬಹಳ ಹೊತ್ತು ಕೂತಿದ್ದಳು. ಏನೂ ಕೇಳಿಸಲಿಲ್ಲ. ಬರಬೇಕಾದ ಸದ್ದು ಬೆಳಿಗ್ಗೆಯೇ ಬಂದುಹೋಗಿತ್ತು.